ಮೋಡ ತಪ್ಪಿದರೆ ದಂಡ

ಕಲಬುರಗಿ ಸೀಮೆಯಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಮೇ ಎರಡನೇ ವಾರದ ಆಸುಪಾಸಿಗೆ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಮೇ ಬಿಸಿಲಿಗೆ ಆಳಂದ, ಅಫಜಲಪುರದ ಎರೆಹೊಲಗಳು ಬಾಯಿ ಬಿಡುತ್ತವೆ. ಆಗಸ್ಟಿನ ಸೂರ್ಯ ಎಷ್ಟೋ ಸಲ ಮೋಡದ ಮರೆಯಲ್ಲೇ ದಾಟಿಹೋಗುತ್ತಾನೆ. ಅವನು ಎಲ್ಲಿರುತ್ತಾನೆಂದು ಪಂಚಾಂಗವೇ ಹೇಳೀತು. ನೆಲಕ್ಕೆ ಎಷ್ಟು ಬಿಸಿಲು ಬಿದ್ದೀತು ಎಂಬುದು ಬೇರೆಯೇ ಲೆಕ್ಕ.

ಹಳೆಯ ಹವಾಮಾನ ಕೇಂದ್ರಗಳಲ್ಲಿ ಆ ಲೆಕ್ಕವನ್ನು ಒಂದು ಗಾಜಿನ ಗುಂಡು ಇಡುತ್ತಿತ್ತು. ಗುಂಡು ಬಿಸಿಲನ್ನು ಒಂದು ಚುಕ್ಕಿಗೆ ತಂದು ಹಿಂದಿನ ರಟ್ಟಿನ ಪಟ್ಟಿಯನ್ನು ಸುಡುತ್ತದೆ. ಮೋಡ ಬಂದಲ್ಲಿ ಗೆರೆ ಕಡಿದುಹೋಗುತ್ತದೆ. ಸಂಜೆ ಸುಟ್ಟ ಗೆರೆ ಅಳೆದರೆ ಅಂದು ಎಷ್ಟು ತಾಸು ಬಿಸಿಲಿತ್ತು ಎಂದು ಗೊತ್ತಾಗುತ್ತದೆ. ಆ ತಾಸುಗಳಿಂದ ವಿಕಿರಣವನ್ನು ಅಂದಾಜಿಸುವ ಸೂತ್ರವನ್ನು 1924ರಲ್ಲಿ ಸ್ವೀಡನ್ನಿನ ಆಂಗ್‌ಸ್ಟ್ರಾಮ್ ಕೊಟ್ಟರು. ನಮ್ಮಲ್ಲಿ ಈ ಅಳತೆಗೆ ಶಿಸ್ತು ತಂದವರು ಅನ್ನಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಬಳಿ ಸಂಶೋಧನೆ ಮಾಡಿ, ಹವಾಮಾನ ಇಲಾಖೆ ಸೇರಿ, 1957-58ರ ಹೊತ್ತಿಗೆ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. 1980ರಲ್ಲಿ ಬಂದ ಅವರ ಅಂಕಿಅಂಶದ ಕೈಪಿಡಿ ಹೊರನೋಟಕ್ಕೆ ಬರೀ ಕೋಷ್ಟಕಗಳ ರಾಶಿ. ನನಗಂತೂ ಈ ಕಥೆಯ ದೊಡ್ಡ ಸಾಹಸ ಅದೇ.

ನಾಳಿನ ಬಿಸಿಲಿಗೆ ರೂಪಾಯಿ ಲೆಕ್ಕ ಬಂದದ್ದು ಮಾತ್ರ ಈಚೆಗೆ. ಸರ್ಕಾರ ತಾಲ್ಲೂಕಿಗೆ 20 ಮೆಗಾವಾಟಿನಂತೆ ಸೌರ ಘಟಕಗಳನ್ನು ಹಂಚತೊಡಗಿತು. ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2015ರ ನಿಯಮಾವಳಿ ದಿನವನ್ನು 15 ನಿಮಿಷಗಳ 96 ತುಂಡು ಮಾಡಿ, ಪ್ರತಿ ತುಂಡಿಗೂ ಉತ್ಪಾದನೆಯನ್ನು ಮೊದಲೇ ಬರೆದುಕೊಡಿ ಎಂದಿತು. 20 ಮೆಗಾವಾಟಿನ ಘಟಕ 16 ಎಂದು ಬರೆದುಕೊಟ್ಟಿದೆ, ಮೋಡ ಕವಿದು 8 ಬಂತು ಎನ್ನಿ. ಆ ನಿಯಮಾವಳಿಯಲ್ಲಿ ಸಾಮರ್ಥ್ಯದ ಶೇ 15ರವರೆಗಿನ ತಪ್ಪಿಗೆ ಮಾಫಿ ಇತ್ತು. ಆಮೇಲೆ ಯೂನಿಟ್ಟಿಗೆ 50 ಪೈಸೆ, ಶೇ 25 ದಾಟಿದ ಪಾಲಿಗೆ 1 ರೂಪಾಯಿ, ಶೇ 35 ದಾಟಿದ ಪಾಲಿಗೆ ಒಂದೂವರೆ. ಆ ಕಾಲು ತಾಸಿನ ದಂಡ 1,125 ರೂಪಾಯಿ!

ನ್ಯೂರಲ್ ನೆಟ್‌ವರ್ಕ್‌ಗೆ (ತನ್ನ ತಪ್ಪುಗಳಿಂದಲೇ ಕಲಿಯುವ ಗಣಕ ವಿಧಾನಕ್ಕೆ) ಕೆಲಸ ಸಿಕ್ಕಿದ್ದು ಇಲ್ಲಿ. ಉಷ್ಣಾಂಶ, ತೇವಾಂಶ, ಗಾಳಿ, ಗಂಟೆ, ನಿನ್ನೆಯ ವಿಕಿರಣ, ಉಪಗ್ರಹದ ಮೋಡದ ಚಿತ್ರ ಎಲ್ಲವನ್ನೂ ಅದಕ್ಕೆ ಉಣಿಸುತ್ತಾರೆ. ಅದು ಒಂದು ಅಂಕಿ ಊಹಿಸುತ್ತದೆ, ನಿಜದ ಅಂಕಿಯೊಂದಿಗೆ ಹೋಲಿಸುತ್ತದೆ, ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂದು ತಿದ್ದಿಕೊಳ್ಳುತ್ತದೆ. ಹೀಗೆ ಸಾವಿರಾರು ಸಲ. ತಪ್ಪನ್ನು ಹಿಂದಕ್ಕೆ ಹಾಯಿಸಿ ತಿದ್ದುವ ಈ ವಿಧಾನ ಹೆಸರು ಮಾಡಿದ್ದು 1986ರಲ್ಲಿ. ನೆತ್ತಿ ಸುಡುವ ಬಿಸಿಲಿಗೆ ಹೆಚ್ಚು ಕರೆಂಟು ಎಂದು ನಾವು ಅಂದುಕೊಂಡರೂ, ಫಲಕ ಕಾದಷ್ಟೂ ಉತ್ಪಾದನೆ ತಗ್ಗುತ್ತದೆ. ಯಂತ್ರ ಅದನ್ನೂ ಕಲಿಯಬೇಕು.

ತಮಾಷೆಯೆಂದರೆ, ಮುಂದಿನ ಕಾಲು ತಾಸಿನ ಮಟ್ಟಿಗೆ ‘ಈಗ ಇದ್ದಂಗೇ ಇರ್ತದ’ ಎಂಬ ಊಹೆಯನ್ನು ಸೋಲಿಸಲು ಇಷ್ಟೆಲ್ಲ ಗಣಿತವೂ ಏದುಸಿರು ಬಿಡುತ್ತದೆ. ನಾಲ್ಕಾರು ತಾಸಿನಾಚೆಗೆ, ಭೀಮೆಯ ಮೇಲೆ ಚದುರಿದ ಮೋಡ ಓಡಾಡುವ ಜೂನ್ ಮಧ್ಯಾಹ್ನಗಳಲ್ಲಿ, ಆ ಊಹೆ ಕೈಕೊಡುತ್ತದೆ. ತೊಗರಿ ಬಿತ್ತಲು ಹದ ಕಾಯುವವರು ಪಡುವಣಕ್ಕೆ ಮುಖ ಮಾಡಿ ನಿಲ್ಲುವುದೂ ಅದೇ ಹೊತ್ತಿಗೆ.