ಇಂಡಿಗಿರ್ಕಾ ದಂಡೆಯ ಹಳೆಯ ಮಾತು



ಊರು ಬಿಟ್ಟು ಬಂದವರು ತಮ್ಮ ಭಾಷೆಯನ್ನು ಎಷ್ಟು ತಲೆಮಾರು ಉಳಿಸಿಕೊಳ್ಳಬಲ್ಲರು? ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿಯೋ ತಮಿಳೋ ಹಿಂದಿಯೋ ಆಡುವ ನಿಮಗೆ ಈ ಪ್ರಶ್ನೆ ಹೊಸದಲ್ಲ. ಇದಕ್ಕೊಂದು ಉತ್ತರ ಭೂಪಟದ ಮೇಲ್ತುದಿಯಲ್ಲಿದೆ. ಬನ್ನಿ, ನೋಡೋಣ.

ಸೈಬೀರಿಯಾದ ಇಂಡಿಗಿರ್ಕಾ ನದಿ 1,726 ಕಿ.ಮೀ. ಹರಿದು ಉತ್ತರದ ಹಿಮಸಾಗರವನ್ನು ಸೇರುವ ಕಡೆ ರೂಸ್ಕೋಯೆ ಉಸ್ತ್ಯೆ ಎಂಬ ಪುಟ್ಟ ಊರಿದೆ. 'ರಷ್ಯನ್ನರ ಅಳಿವೆ' ಎಂದು ಹೆಸರಿನ ಅರ್ಥ. ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮರ ಬೆಳೆಯದ ನೆಲ. ನದಿ ತೇಲಿಸಿ ತಂದ ದಿಮ್ಮಿಗಳಿಂದಲೇ ಮನೆ ಕಟ್ಟಬೇಕು. ಪೈರು ಬಾರದು, ಮೀನೇ ಅನ್ನ.

ಹದಿನಾರನೆಯ ಶತಮಾನದಲ್ಲಿ, ಇವಾನ್ ದೊರೆಯ ಕ್ರೌರ್ಯಕ್ಕೆ ಹೆದರಿ, ದೋಣಿಗಳಲ್ಲಿ ತಮ್ಮ ಹಿರಿಯರು ಬಂದರೆಂದು ಊರಿನವರ ಐತಿಹ್ಯ. ಇತಿಹಾಸದ ದಾಖಲೆಗಳಲ್ಲಿ ಈ ನದಿಗೆ ರಷ್ಯನ್ನರು ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಯಾವಾಗಲೇ ಬಂದಿರಲಿ, ಅವರು ಹೊಸ ನೆಲದಿಂದ ದೂರ ಉಳಿಯಲಿಲ್ಲ. ಯುಕಗೀರ್, ಎವೆನ್ ಜನರೊಡನೆ ನೆಂಟಸ್ತನ ಬೆಳೆಸಿದರು. ನಾಯಿಗಾಡಿ ಓಡಿಸಿದರು, ಹಿಮನರಿ ಬೇಟೆಯಾಡಿದರು. ರಕ್ತ ಬೆರೆಯಿತು, ಉಡುಪು ಬದಲಾಯಿತು. ಆದರೆ ಮಾತು ಮಾತ್ರ ರಷ್ಯನ್ನಾಗಿಯೇ ಉಳಿಯಿತು!

1912ರಲ್ಲಿ ವ್ಲಾದಿಮಿರ್ ಝೆಂಝೀನೊವ್ ಎಂಬ ಕ್ರಾಂತಿಕಾರಿಯನ್ನು ಸರ್ಕಾರ ಅಲ್ಲಿಗೆ ಗಡೀಪಾರು ಮಾಡಿತು. ಮಾಸ್ಕೋದಲ್ಲಿ ಬೆಳೆದ ಆತನಿಗೆ, ಪಟ್ಟಣಗಳು ಎಂದೋ ಮರೆತಿದ್ದ ಹಳೆಯ ನುಡಿಗಳು ಈ ಬೆಸ್ತರ ಬಾಯಲ್ಲಿ ಕೇಳಿಬಂದವು. 1914ರಲ್ಲಿ ಅವರ ಕುರಿತು ಪುಸ್ತಕವನ್ನೇ ಬರೆದ. ಕೀವ್ ನಗರದ ವೀರರ ಲಾವಣಿಗಳನ್ನು ಅಲ್ಲಿಯ ಜನ ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದಿದ್ದರು.

ಮುಂದೆ ಸೋವಿಯತ್ ಕಾಲದಲ್ಲಿ ನದಿಯುದ್ದಕ್ಕೂ ಚದುರಿದ್ದ ಮನೆಗಳವರನ್ನು ಒಂದೇ ಕಡೆ ತಂದು ನೆಲೆಗೊಳಿಸಲಾಯಿತು. ಶಾಲೆ ಬಂತು, ರೇಡಿಯೋ ಬಂತು. ಬೇಕಾದ ಸೌಕರ್ಯಗಳೇ. ಆದರೆ ಮಕ್ಕಳು ಪುಸ್ತಕದ ರಷ್ಯನ್ ಕಲಿತಂತೆ ಅಜ್ಜಿಯ ಮಾತು ಹಿಂದೆ ಸರಿಯಿತು. ಅಲ್ಲಿಯ ಹಾಡು-ಕತೆಗಳ ಸಂಗ್ರಹ 1986ರಲ್ಲಿ ಅಚ್ಚಾಯಿತು. ಆ ಹೊತ್ತಿಗೆ ಹಾಡುವವರು ವಿರಳರಾಗಿದ್ದರು. 2002ರಲ್ಲಿ 181 ಇದ್ದ ಜನಸಂಖ್ಯೆ 2010ರಲ್ಲಿ 157ಕ್ಕೆ ಇಳಿಯಿತು.

ಮಿತ್ರರೇ, ನೂರಾರು ವರ್ಷಗಳ ಹಿಮ ಆ ಮಾತನ್ನು ಕೊಲ್ಲಲಿಲ್ಲ. ನೆರೆಯವರ ಭಾಷೆಯೂ ಅದನ್ನು ನುಂಗಲಿಲ್ಲ. ಮಕ್ಕಳು ಆಡುವುದನ್ನು ಬಿಟ್ಟಾಗ ಮಾತ್ರ ಅದು ಸೊರಗಿತು. ಅಚ್ಚಾದ ಪುಸ್ತಕ ಇಂದಿಗೂ ಇದೆ. ಆದರೆ ಅದು ತಾನಾಗಿ ಹಾಡದು. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಅಜ್ಜಿಯನ್ನು ಒಂದು ಕತೆ ಕೇಳಿ. ಅರ್ಥವಾಗದ ಪದ ಬಂದರೆ ಸುಮ್ಮನಿರಬೇಡಿ, ತಡೆದು ಕೇಳಿ.