ಬಿದರಿಯ ಬೆಲೆ: ಶಾ ರಶೀದ್ ಅಹ್ಮದ್ ಖಾದ್ರಿಯವರ ಕಸುಬು ಮತ್ತು ಅದರ ಲೆಕ್ಕ

ಬೀದರ್ ಜಿಲ್ಲೆಯಲ್ಲಿ ಸನ್ಮಾನ ಸಮಾರಂಭ ನಡೆದರೆ ಶಾಲು, ಹಾರಗಳ ಜೊತೆಗೆ ಬಿದರಿಯ ಒಂದು ಫಲಕವನ್ನೋ ಹೂದಾನಿಯನ್ನೋ ಕೊಡುವುದು ವಾಡಿಕೆ. ಜನವಾಡ, ಭಾಲ್ಕಿ, ಔರಾದಗಳ ವರ್ತಕರಿಗೆ ಈ ವಸ್ತು ಅಪರಿಚಿತವಲ್ಲ. ಆದರೆ ಅದರ ಬೆಲೆ ಹೇಗೆ ನಿರ್ಧಾರವಾಗುತ್ತದೆ, ಆ ಬೆಲೆಯಲ್ಲಿ ಲೋಹಕ್ಕೆಷ್ಟು, ಕೈಗೆಲಸಕ್ಕೆಷ್ಟು ಎಂಬುದನ್ನು ವಿಚಾರಿಸುವವರು ವಿರಳ. 2023ರಲ್ಲಿ ಪದ್ಮಶ್ರೀ ಪಡೆದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರ ಬದುಕನ್ನು ಈ ದೃಷ್ಟಿಯಿಂದ ನೋಡಿದರೆ, ಸಣ್ಣ ಉತ್ಪಾದಕರಿಗೆ ಪರಿಚಿತವಾದ ಅನೇಕ ಸಂಗತಿಗಳು ಅಲ್ಲಿ ಎದುರಾಗುತ್ತವೆ.

ಖಾದ್ರಿಯವರು ಜನಿಸಿದ್ದು 1955ರಲ್ಲಿ. ಆಗ ಬೀದರ್ ಇನ್ನೂ ಹೈದರಾಬಾದ್ ರಾಜ್ಯದ ಭಾಗ. ಮರುವರ್ಷ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಬಿದರಿ ಅವರ ಮನೆತನದ ಕಸುಬು. 1970ರ ಸುಮಾರಿಗೆ ಅವರೂ ಅದಕ್ಕೆ ಕೈಹಾಕಿದರು. 1984ರಲ್ಲಿ ರಾಜ್ಯ ಪ್ರಶಸ್ತಿ, 1988ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಬಂದವು. ಅಮೆರಿಕ, ಇಟಲಿ, ನೆದರ್ಲೆಂಡ್ಸ್, ಸಿಂಗಪುರ ಮೊದಲಾದ ದೇಶಗಳಲ್ಲಿ ಅವರ ಕೃತಿಗಳು ಪ್ರದರ್ಶನಗೊಂಡವು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರಕ್ಕೆ ಬಿದರಿ ಕಲೆಯೇ ವಸ್ತುವಾಯಿತು. ರಾಷ್ಟ್ರೀಯ ಪ್ರಶಸ್ತಿಗೂ ಪದ್ಮಶ್ರೀಗೂ ನಡುವೆ ಮೂವತ್ತೈದು ವರ್ಷಗಳ ಅಂತರವಿದೆ. 2023ರ ಏಪ್ರಿಲ್ 5ರಂದು ಪ್ರಶಸ್ತಿ ಸ್ವೀಕರಿಸಿದ ಬಳಿಕ, ಹಿಂದಿನ ಸರ್ಕಾರದ ಕಾಲದಲ್ಲಿ ನಿರೀಕ್ಷಿಸಿ ನಿರಾಶೆಗೊಂಡದ್ದನ್ನೂ, ಈ ಸರ್ಕಾರ ತಮಗೆ ಕೊಡಲಾರದೆಂದು ಭಾವಿಸಿದ್ದನ್ನೂ ಅವರು ಪ್ರಧಾನಮಂತ್ರಿಯವರ ಎದುರಿಗೇ ಹೇಳಿದ್ದು ದೇಶದಾದ್ಯಂತ ಸುದ್ದಿಯಾಯಿತು. ಆ ಮಾತು ಪಡೆದ ಪ್ರಚಾರದ ಅರ್ಧದಷ್ಟೂ ಅವರ ಕಸುಬಿನ ವಿಧಾನಕ್ಕೆ ದೊರೆಯಲಿಲ್ಲ.

ವಿಧಾನವಾದರೋ ವಿಸ್ತಾರವಾದುದು. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನಿಂದ ಬಂದ ಕುಶಲಕರ್ಮಿಯಿಂದ ಈ ವಿದ್ಯೆ ಬೀದರಿನಲ್ಲಿ ನೆಲೆಗೊಂಡಿತೆಂಬ ಪ್ರತೀತಿಯಿದೆ. ಮೂಲದ್ರವ್ಯ ಸತು ಮತ್ತು ತಾಮ್ರ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ದೊಡ್ಡ ಕುಲುಮೆಯ ಅಗತ್ಯವಿಲ್ಲ. ಮನೆಯಂಗಳದ ಕುಲುಮೆಯಲ್ಲಿ ಕೆಲಸ ನಡೆಯುತ್ತದೆ. ಹರಳೆಣ್ಣೆ ಮತ್ತು ರಾಳ ಬೆರೆಸಿ ಹದಗೊಳಿಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪುಗೊಳಿಸುತ್ತಾರೆ. ಮೈಲುತುತ್ತದ ನೀರು ಸವರಿದಾಗ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಕೊರೆಯುವ ಗೆರೆ ಕಣ್ಣಿಗೆ ಕಾಣಲೆಂದು ಈ ಉಪಾಯ. ಅದರ ಮೇಲೆ ಕೈಯಿಂದಲೇ ಚಿತ್ರ ಬರೆದು, ಉಳಿಯಿಂದ ಕೊರೆದು, ಆ ಕೊರೆತದೊಳಗೆ ಶುದ್ಧ ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ತಂತಿ ಕೂರಿಸುವ ಕೆಲಸಕ್ಕೆ ತಾರ್‌ಕಶಿ ಎಂದೂ, ತಗಡು ಕೂರಿಸುವ ಕೆಲಸಕ್ಕೆ ತೆಹ್‌ನಿಶಾನ್ ಎಂದೂ ಹೆಸರು. ಅಂಟಾಗಲಿ ಬೆಸುಗೆಯಾಗಲಿ ಇಲ್ಲ. ಗೆರೆಯ ಆಳ ತಪ್ಪಿದರೆ ಬೆಳ್ಳಿ ನಿಲ್ಲದು.

ಕೊನೆಯದು ಮಣ್ಣಿನ ಕೆಲಸ. ಬೀದರ್ ಕೋಟೆಯ ಹಳೆಯ ಕಟ್ಟಡಗಳೊಳಗೆ, ಬಿಸಿಲು ಮಳೆ ತಾಕದ ಕಡೆಯ ಮಣ್ಣನ್ನು ತಂದು, ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆಯೇ ಉಳಿಯುತ್ತದೆ. ಮಣ್ಣಿನ ಗುಣವನ್ನು ನಾಲಿಗೆಗೆ ತಾಕಿಸಿ ಪರೀಕ್ಷಿಸುವ ಪದ್ಧತಿ ಈ ಕಸುಬಿನವರಲ್ಲಿದೆ. ಈ ಕಪ್ಪು ಬಳಿದ ಬಣ್ಣವಲ್ಲ, ಲೋಹದ ಮೇಲ್ಮೈಯೇ ಹೊಂದಿದ ಮಾರ್ಪಾಡು. ಅನುಕರಣೆಯನ್ನು ಗುರುತಿಸಲು ವರ್ತಕರಿಗೆ ತೂಕವೂ ನೆರವಾಗುತ್ತದೆ: ಅಲ್ಯುಮಿನಿಯಂಗೆ ಕಪ್ಪು ಬಣ್ಣ ಹಚ್ಚಿದ ವಸ್ತು, ಅದೇ ಗಾತ್ರ, ಅದೇ ದಪ್ಪದ ಬಿದರಿಯ ಅರ್ಧ ತೂಕವೂ ಬಾರದು.

ಬೆಳ್ಳಿಯ ಹೊರೆ

ಈ ಕಸುಬಿನಲ್ಲಿ ಯಂತ್ರೋಪಕರಣಗಳ ಸ್ಥಿರ ಬಂಡವಾಳ ಅತ್ಯಲ್ಪ. ತೊಡಕಿರುವುದು ದುಡಿಯುವ ಬಂಡವಾಳದಲ್ಲಿ. ಒಂದು ಹೂದಾನಿಗೆ 20 ಗ್ರಾಂ ಬೆಳ್ಳಿ ಹಿಡಿಯುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 2000ನೇ ಇಸವಿಯ ಆಸುಪಾಸಿನಲ್ಲಿ ಬೆಳ್ಳಿಯ ದರ ಕಿಲೋಗೆ ಸುಮಾರು 8 ಸಾವಿರ ರೂ. ಇತ್ತು, ಆ ಹೂದಾನಿಯೊಳಗಿನ ಬೆಳ್ಳಿಗೆ ತಗಲುತ್ತಿದ್ದುದು 160 ರೂ. 2025ರಲ್ಲಿ ದರ ಒಂದು ಲಕ್ಷ ರೂ. ದಾಟಿತು. ಒಂದು ಲಕ್ಷಕ್ಕೇ ಹಿಡಿದರೂ ಅದೇ 20 ಗ್ರಾಂಗೆ 2,000 ರೂ. ಆಯಿತು. ಇಂಥ ಇಪ್ಪತ್ತೈದು ಹೂದಾನಿಗಳ ಬೇಡಿಕೆ ಬಂದರೆ, ಮೊದಲ ಗೆರೆ ಕೊರೆಯುವ ಮುನ್ನವೇ ಬೆಳ್ಳಿಯೊಂದಕ್ಕೇ 50 ಸಾವಿರ ರೂ. ನಗದು ಬೇಕು. ಬೆಳ್ಳಿಯನ್ನು ಸಾಲದಲ್ಲಿ ಕೊಡುವ ಪೇಟೆಯಿಲ್ಲ. ಸಿದ್ಧವಸ್ತುವನ್ನು ಸಾಲದಲ್ಲಿ ಕೊಳ್ಳುವ ಪೇಟೆಯೇ ಹೆಚ್ಚು.

ಇದರ ಪರಿಣಾಮ ಸ್ಪಷ್ಟ. ಬೆಳ್ಳಿ ಕೊಳ್ಳಲಾರದವನು ಬೆಳ್ಳಿ ಕೊಟ್ಟವರ ಕೂಲಿಯವನಾಗುತ್ತಾನೆ. ಆಗ ಅವನ ಕೈಗೆ ಬರುವುದು ಕೆಲಸದ ಕೂಲಿ ಮಾತ್ರ. ವಿನ್ಯಾಸದ ಬೆಲೆ, ಹೆಸರಿನ ಬೆಲೆ ಮಾರುವವರ ಪಾಲು. ಕೊಳ್ಳುವವರಾದರೋ ಬೆಳ್ಳಿಯ ದರದೊಂದಿಗೆ ವಸ್ತುವಿನ ಬೆಲೆ ಏರುವುದನ್ನು ಒಪ್ಪುವುದಿಲ್ಲ. ವ್ಯತ್ಯಾಸವನ್ನು ಎಲ್ಲಿಂದಲಾದರೂ ತುಂಬಲೇಬೇಕು: ತಗಡಿನ ಜಾಗಕ್ಕೆ ತೆಳು ತಂತಿ ಬರುತ್ತದೆ, ಇಲ್ಲವೆ ಕೂಲಿ ಇಳಿಯುತ್ತದೆ. ತೆರಿಗೆಯೂ ಇಲ್ಲಿ ಸೇರುತ್ತದೆ. ಜಿಎಸ್‌ಟಿ ನೋಂದಣಿಯಿಲ್ಲದ ಕುಶಲಕರ್ಮಿಯು ಬೆಳ್ಳಿಯ ಮೇಲೆ ತೆರುವ ಶೇ. 3, ಸತು ಮತ್ತು ತಾಮ್ರದ ಮೇಲೆ ತೆರುವ ಶೇ. 18 ಅವನಿಗೆ ಹೂಡುವಳಿ ತೆರಿಗೆ ಜಮೆಯಾಗಿ ಮರಳುವುದಿಲ್ಲ. ಅದು ವೆಚ್ಚದೊಳಗೇ ಕರಗುತ್ತದೆ.

ಖಾದ್ರಿಯವರ ವೃತ್ತಿಜೀವನದ ಮಹತ್ವ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಐವತ್ತು ವರ್ಷಗಳ ಕಾಲ ಕಸುಬು ಬಿಡದೆ, ತಮ್ಮ ಹೆಸರಿಗೇ ಬೆಲೆ ಬರುವಂತೆ ದುಡಿದ ಕೆಲವೇ ಮಂದಿಯಲ್ಲಿ ಅವರೊಬ್ಬರು. ಪ್ರಶಸ್ತಿ ಪಡೆದವರ ಕೃತಿಗೆ ಲೋಹದ ತೂಕ ಹಿಡಿದು ಬೆಲೆ ಕಟ್ಟುವವರಿಲ್ಲ. ಆದರೆ ಪ್ರಶಸ್ತಿ ವ್ಯಕ್ತಿಗೆ ಸಲ್ಲುವುದೇ ಹೊರತು ಪಕ್ಕದ ಮನೆಯ ಕುಲುಮೆಗಲ್ಲ. ಅಲ್ಲಿನ ತರುಣನು ಅಂಗಡಿಯ ಕೆಲಸವನ್ನೋ ಆಟೋವನ್ನೋ ಬಿದರಿಯ ದಿನಗೂಲಿಯೊಡನೆ ಹೋಲಿಸಿ ನೋಡಿಯೇ ತೀರ್ಮಾನಿಸುತ್ತಾನೆ. ಗೆರೆ ತಪ್ಪದೆ ಕೊರೆಯುವ ಕೈ ಹದಗೊಳ್ಳಲು ವರ್ಷಗಳೇ ಬೇಕು. ಆ ಅವಧಿಯಲ್ಲಿ ಆದಾಯ ಅಲ್ಪ. ತರಬೇತಿ ಶಿಬಿರದ ಪ್ರಮಾಣಪತ್ರ ಈ ಅಂತರವನ್ನು ತುಂಬಲಾರದು.

ಹೆಸರಿನ ರಕ್ಷಣೆಗೆ ಕಾನೂನಿದೆ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆದರೆ ನೋಂದಣಿಯ ಲಾಭವನ್ನು ಪೂರ್ಣವಾಗಿ ಪಡೆಯಲು ಕುಶಲಕರ್ಮಿಯು ಅಧಿಕೃತ ಬಳಕೆದಾರನಾಗಿಯೂ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಈ ಎರಡನೆಯ ಹೆಜ್ಜೆಯನ್ನು ಮರೆಯುವವರು ಬಹಳ.

ವರ್ತಕರಿಗೆ ನೇರವಾಗಿ ತಗಲುವ ಇನ್ನೊಂದು ನಿಯಮವುಂಟು. ಉದ್ಯಮ್ ನೋಂದಣಿ ಪಡೆದ ಬಿದರಿ ತಯಾರಕನು ಸೂಕ್ಷ್ಮ ಉದ್ಯಮದ ವ್ಯಾಪ್ತಿಗೆ ಬರುತ್ತಾನೆ. ಅವನಿಂದ ಕೊಂಡ ಮಾಲಿನ ಹಣವನ್ನು, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಇದ್ದರೆ ಹೆಚ್ಚೆಂದರೆ 45 ದಿನಗಳೊಳಗೆ ಪಾವತಿಸಬೇಕು. ಅವಧಿ ಮೀರಿಯೂ ವರ್ಷಾಂತ್ಯಕ್ಕೆ ಬಾಕಿ ಉಳಿದ ಮೊತ್ತವು ಆ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ಸಲ್ಲದು. ಪಾವತಿಸಿದ ವರ್ಷದಲ್ಲಷ್ಟೇ ಸಲ್ಲುತ್ತದೆ. 2024-25ರ ಕರನಿರ್ಧಾರಣ ವರ್ಷದಿಂದ ಜಾರಿಗೆ ಬಂದ ಈ ನಿಯಮದಿಂದ, ಹಬ್ಬದ ಮುನ್ನ ಮಾಲು ಒಯ್ದು ಯುಗಾದಿಯ ನಂತರ ಹಣ ಕೊಡುವ ಹಳೆಯ ರೂಢಿ ಕೊಳ್ಳುವವರಿಗೂ ದುಬಾರಿಯಾಗಿದೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಕೊಳ್ಳುವವರು ಆ ಸಂಖ್ಯೆಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡು, ಮಾರ್ಚ್ 31ಕ್ಕೆ ಮುನ್ನ ಇಂಥ ಬಾಕಿಗಳ ಪಟ್ಟಿಯನ್ನು ಬೇರೆಯಾಗಿ ತೆಗೆದಿಡುವುದು ಯುಕ್ತ.