ಡಬ್ಬದ ಮೇಲಿನ ‘ರೆಡಿ’ ಅನ್ನೋ ಮಾತಿನ ಅರ್ಥ ಏನು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೇನಲ್ಲೋ ಮೆಟ್ರೋದಲ್ಲೋ ಓದೋರಿಗೆ, ಈ ಸಲದ ಮಾತಿನ ಬರಹರೂಪ ಇದು. ‘ಅಂದ್ರೆ’, ‘ಅಲ್ವಾ’ಗಳನ್ನ ಸ್ವಲ್ಪ ಕಡಿಮೆ ಮಾಡಿದ್ದೀನಿ, ಪೂರ್ತಿ ತೆಗೆದಿಲ್ಲ.

ಮನೆಯಲ್ಲಿ ಹಾಡು ಕೇಳೋಕೆ ವೈಫೈ ಸ್ಪೀಕರೋ, ಸ್ಟ್ರೀಮರೋ ತಗೊಳ್ಳೋಕೆ ಹೋದ್ರೆ ಡಬ್ಬದ ಒಂದು ಪಕ್ಕ ಬರೀ ಮುದ್ರೆಗಳೇ. ಏರ್‌ಪ್ಲೇ, ಕ್ರೋಮ್‌ಕಾಸ್ಟ್, ಸ್ಪಾಟಿಫೈ ಕನೆಕ್ಟ್, ರೂನ್ ರೆಡಿ, ಡಿಎಲ್‌ಎನ್‌ಎ. ಜೊತೆಗೆ ನಮ್ಮ ಬಿಐಎಸ್ ಗುರುತು, ಕೆಳಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ. ಬಿಐಎಸ್ ವಿಚಾರ ಬೇಗ ಮುಗಿಸಿಬಿಡ್ತೀನಿ: ಅದು ಸುರಕ್ಷತೆಯದು. ಶಾಕ್ ಹೊಡೆಯಬಾರದು, ಬೆಂಕಿ ಹತ್ತಬಾರದು. ನಿಮ್ಮ ಫೋನಿನ ಹಾಡು ಅದರಲ್ಲಿ ಬರುತ್ತೋ ಇಲ್ವೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಂಗಡಿಯವರು “ಸರ್ಟಿಫೈಡ್ ಸರ್” ಅಂತ ಅದನ್ನೇ ತೋರಿಸಿದರೆ ನಕ್ಕು ಮುಂದೆ ಹೋಗಿ.

ಉಳಿದ ಮುದ್ರೆಗಳನ್ನ ಖಾಸಗಿ ಕಂಪನಿಗಳೋ ಒಕ್ಕೂಟಗಳೋ ಕೊಡುತ್ತವೆ. ಪ್ರತಿಯೊಬ್ಬರೂ ಪರೀಕ್ಷೆ ಮಾಡೋದು ಬೇರೆ ಬೇರೆ ವಿಷಯ. ಇದಕ್ಕೆ ರೂನ್ ಒಳ್ಳೆಯ ಉದಾಹರಣೆ.

ರೂನ್ ಅಂದ್ರೆ 2015ರಲ್ಲಿ ಬಂದ ಒಂದು ಸಾಫ್ಟ್‌ವೇರ್. ಮನೆಯ ಒಂದು ಕಂಪ್ಯೂಟರ್‌ನಲ್ಲಿ ಕೂತು, ನಿಮ್ಮ ಹಾರ್ಡ್‌ಡಿಸ್ಕಿನ ಹಾಡುಗಳನ್ನೂ ಆನ್‌ಲೈನ್ ಹಾಡುಗಳನ್ನೂ ಒಂದೇ ಕಡೆ ಜೋಡಿಸಿ, ಬೇರೆ ಬೇರೆ ಕೋಣೆಯ ಯಂತ್ರಗಳಿಗೆ ಕಳಿಸುತ್ತೆ. ಡಾಲರ್ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಎಲ್ಲರಿಗೂ ಬೇಕಾದದ್ದೇನಲ್ಲ. ಆದರೆ ಮುದ್ರೆಯ ವಿಷಯದಲ್ಲಿ ಇವರದು ಕಟ್ಟುನಿಟ್ಟು.

ಇವರಲ್ಲಿ ಎರಡು ಪದ ಇವೆ. ‘ರೂನ್ ಟೆಸ್ಟೆಡ್’ ಅಂದ್ರೆ ಯುಎಸ್‌ಬಿ, ಏರ್‌ಪ್ಲೇ, ಕ್ರೋಮ್‌ಕಾಸ್ಟ್ ಥರದ ಇರುವ ದಾರಿಯಲ್ಲೇ ಆ ಯಂತ್ರ ಸರಿಯಾಗಿ ಹಾಡುತ್ತೆ ಅಂತ ರೂನ್‌ನವರು ನೋಡಿದ್ದಾರೆ. ‘ರೂನ್ ರೆಡಿ’ ಅಂದ್ರೆ ಯಂತ್ರದೊಳಗೇ ರೂನ್‌ನ ಸ್ವಂತ ಸಾಗಣೆ ವಿಧಾನ ಇದೆ. ಅದರ ಹೆಸರು ರಾಟ್. ವ್ಯತ್ಯಾಸ ಎಲ್ಲಿದೆ ಅಂದ್ರೆ, ತಾಳ ಯಾರ ಕೈಯಲ್ಲಿ ಅನ್ನೋದರಲ್ಲಿ. ಏರ್‌ಪ್ಲೇಯಲ್ಲಿ ಕಳಿಸುವವನ ಗಡಿಯಾರಕ್ಕೆ ಸ್ಪೀಕರ್ ಹೊಂದಿಕೊಳ್ಳಬೇಕು. ರಾಟ್‌ನಲ್ಲಿ ಸ್ಪೀಕರಿನ ಒಳಗಿನ ಗಡಿಯಾರವೇ ಯಜಮಾನ. ಅದು ಕೇಳಿದಷ್ಟು ಕಳಿಸುವವನು ಕೊಡುತ್ತಾನೆ. ಹಾಲಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು ಸ್ಪೀಕರ್ ಇಟ್ಟು ಒಟ್ಟಿಗೆ ಹಾಡಿಸಬೇಕು ಅಂದಾಗ ಇದು ಮುಖ್ಯ ಆಗುತ್ತೆ. ರೂನ್‌ನಲ್ಲಿ ಏರ್‌ಪ್ಲೇ ಸ್ಪೀಕರನ್ನ ಏರ್‌ಪ್ಲೇ ಜೊತೆ, ರಾಟ್ ಯಂತ್ರವನ್ನ ರಾಟ್ ಜೊತೆ ಮಾತ್ರ ಜೋಡಿಸಬಹುದು. ಎರಡಕ್ಕೂ ರೂನ್ ಹೆಸರಿನ ಮುದ್ರೆ ಇದ್ದರೂ ಒಂದು ಗುಂಪಿಗೆ ಸೇರದೇ ಇರಬಹುದು!

ಈಗ 2020ರ ಕಥೆ. ‘ರೂನ್ ರೆಡಿ’ ಆಗಬೇಕಾದರೆ ತಯಾರಕರು ಯಂತ್ರವನ್ನ ರೂನ್‌ನವರ ಲ್ಯಾಬಿಗೆ ಕಳಿಸಿ ಪಾಸಾಗಬೇಕು. ಕೆಲವರು ಒಳಗಿನ ಸಾಫ್ಟ್‌ವೇರ್ ಹಾಕಿ, ಪರೀಕ್ಷೆ ಮುಗಿಯೋಕೆ ಮುಂಚೆಯೇ ‘ರೂನ್ ರೆಡಿ’ ಅಂತ ಮಾರೋಕೆ ಶುರು ಮಾಡಿದ್ದರು. ಯಂತ್ರ ಹಾಡುತ್ತಿತ್ತು, ಹಾಗಾಗಿ ಕೊಂಡವರಿಗೆ ಗೊತ್ತೇ ಆಗಲಿಲ್ಲ. ಸೆಪ್ಟೆಂಬರ್ 21, 2020ರಿಂದ, ಪಾಸಾಗದ ಯಂತ್ರಗಳು ರೂನ್ ರೆಡಿಯಾಗಿ ಕೆಲಸ ಮಾಡೋದಿಲ್ಲ ಅಂತ ರೂನ್ ಘೋಷಿಸಿತು. ನಿನ್ನೆವರೆಗೆ ಹಾಡಿದ್ದು ಇವತ್ತು ಇಲ್ಲ. ಅದೇ ಯಂತ್ರದಲ್ಲಿ ಏರ್‌ಪ್ಲೇ ಇದ್ದರೆ ಆ ದಾರಿ ಉಳಿಯಿತು, ಅಷ್ಟೇ.

ರೂನ್‌ದೇ ತಪ್ಪು ಅಂತ ಆಗ ಬೈದವರು ಬಹಳ. ನನ್ನ ಅಭಿಪ್ರಾಯ ಬೇರೆ. ಪರೀಕ್ಷೆಯಾಗದೆ ಮುದ್ರೆ ಒತ್ತಿದವರದ್ದೇ ದೊಡ್ಡ ತಪ್ಪು. ಆದರೂ ಆ ಬಿಸಿ ತಟ್ಟಿದ್ದು ಹೆಚ್ಚಾಗಿ ದುಡ್ಡು ಕೊಟ್ಟ ಕೇಳುಗನಿಗೆ. ಇನ್ನೊಂದು ಮಾತು, 2023ರ ನವೆಂಬರ್‌ನಲ್ಲಿ ರೂನ್ ಕಂಪನಿಯನ್ನ ಹರ್ಮನ್ ಕೊಂಡುಕೊಂಡಿತು. ಅಂದ್ರೆ ಪರೀಕ್ಷಕನ ಮಾಲೀಕರೇ ಸ್ಪೀಕರ್ ತಯಾರಕರು. ಅದರಿಂದ ಕೆಟ್ಟದ್ದೇ ಆಗುತ್ತೆ ಅಂತ ನಾನು ಹೇಳ್ತಿಲ್ಲ, ನೆನಪಿರಲಿ ಅಂತ ಅಷ್ಟೇ.

ನಮ್ಮ ಪುಣೆಯ ಸೊಸೈಟಿಯಲ್ಲಿ ಪಕ್ಕದ ವಿಂಗಿನ ಕಾಕಾ ಒಬ್ಬರು ಧಾರವಾಡದ ಕಡೆಯವರು. ಮನ್ಸೂರರದು, ಗಂಗೂಬಾಯಿಯವರದು ಎಷ್ಟೋ ಸಿಡಿಗಳನ್ನ ಕೂತು ಕೂತು ಹಾರ್ಡ್‌ಡಿಸ್ಕಿಗೆ ಹಾಕಿದ್ದಾರೆ. ಹೊಸ ಸ್ಪೀಕರ್ ತಂದರು, ಡಿಎಲ್‌ಎನ್‌ಎ ಮುದ್ರೆ ಇರೋದು. ವಿಲಂಬಿತ್ ಮುಗಿದು ದ್ರುತ್ ಶುರುವಾಗೋ ಜಾಗದಲ್ಲಿ, ತಬಲಾ ಇನ್ನೂ ನಡೀತಿರುವಾಗಲೇ, ಎರಡು ಸೆಕೆಂಡ್ ಮೌನ. ಸಿಡಿಯಲ್ಲಿ ಅದು ಎರಡು ಟ್ರ್ಯಾಕ್, ಅದಕ್ಕೆ. “ಡಬ್ಬಿ ಮ್ಯಾಲ ಬರದಾರಲ್ರೀ, ಮತ್ಯಾಕ ಹಿಂಗ ಕಡಿತೈತಿ?” ಅಂತ ಕೇಳಿದರು.

ಉತ್ತರ ಇಷ್ಟು. ಡಿಎಲ್‌ಎನ್‌ಎ 2003ರಲ್ಲಿ ಸೋನಿ ಮುಂತಾದ ಕಂಪನಿಗಳು ಸೇರಿ ಕಟ್ಟಿದ ಒಕ್ಕೂಟ. ಇದರಲ್ಲಿ ‘ಮುಂದಿನ ಹಾಡು ಇದು, ಈಗಲೇ ತಯಾರಾಗಿರು’ ಅಂತ ಸ್ಪೀಕರಿಗೆ ಮೊದಲೇ ಹೇಳುವ ಆಜ್ಞೆ ಒಂದಿದೆ, ಆದರೆ ಅದು ಕಡ್ಡಾಯ ಅಲ್ಲ. ಆ ಆಜ್ಞೆ ಗೊತ್ತಿಲ್ಲದ ಸ್ಪೀಕರ್ ಕೂಡ ಪಾಸಾಗುತ್ತೆ. ಫ್ಲ್ಯಾಕ್ ಫೈಲು ನುಡಿಸುವುದೂ ಕಡ್ಡಾಯದ ಪಟ್ಟಿಯಲ್ಲಿರಲಿಲ್ಲ. ಕಾಕಾ ಸ್ಪೀಕರ್ ಕೆಟ್ಟಿಲ್ಲ, ಮುದ್ರೆ ಸುಳ್ಳೂ ಅಲ್ಲ. ಅವರಿಗೆ ಬೇಕಾದದ್ದನ್ನ ಯಾರೂ ಪರೀಕ್ಷಿಸಿರಲಿಲ್ಲ. 2017ರ ಆರಂಭದಲ್ಲಿ ಆ ಒಕ್ಕೂಟವೇ ಮುಚ್ಚಿತು, ಆದರೂ ಹೆಸರು ಡಬ್ಬಗಳ ಮೇಲೆ ಓಡಾಡ್ತಾನೇ ಇದೆ. ಕೊನೆಗೆ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರಿಗೆ ವಾಲ್ಯುಮಿಯೋ ಹಾಕಿ, ಹಾರ್ಡ್‌ಡಿಸ್ಕ್ ಅದಕ್ಕೇ ಚುಚ್ಚಿ, ಅಲ್ಲಿಂದ ಸ್ಪೀಕರಿನ ಆಕ್ಸ್ ತೂತಿಗೆ ವೈರ್ ಎಳೆದೆವು. ಈಗ ಕಡಿಯೋದಿಲ್ಲ.

ಪರೀಕ್ಷೆ ಸರಿಯಾಗೇ ಆಗಿದೆ, ಮುದ್ರೆಯೂ ನಿಜ, ಆದರೂ ಒಂದು ದಿನ ಯಂತ್ರ ನಿಲ್ಲಬಹುದು. 2015ರಲ್ಲಿ ಬಂದ ಕ್ರೋಮ್‌ಕಾಸ್ಟ್ ಆಡಿಯೋ ನೆನಪಿದೆಯಾ? ಹಳೇ ಆಂಪ್ಲಿಫೈಯರಿಗೆ ಸಿಕ್ಕಿಸೋ ಗುಂಡಗಿನ ಬಿಲ್ಲೆ. 2019ರಲ್ಲಿ ಅದರ ತಯಾರಿಕೆ ನಿಂತರೂ ಎಷ್ಟೋ ಮನೆಗಳಲ್ಲಿ ಓಡ್ತಾ ಇತ್ತು. ಮಾರ್ಚ್ 9, 2025ರ ಸುಮಾರಿಗೆ ಅದೂ, ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟೂ ಒಟ್ಟಿಗೆ ಕೈಕೊಟ್ಟವು. ‘ನಾನು ಅಸಲಿ’ ಅಂತ ತೋರಿಸಲು ಯಂತ್ರದೊಳಗೆ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತೆ. ಆ ಸರಪಳಿಯಲ್ಲಿದ್ದ ಒಂದು ಪತ್ರದ ಅವಧಿ ಮುಗಿದಿತ್ತು. ಫೋನು ಆ ಬಿಲ್ಲೆಯನ್ನ ನಂಬಲಿಲ್ಲ. ಗೂಗಲ್ ಕೆಲವೇ ದಿನಗಳಲ್ಲಿ ಸರಿಪಡಿಸಿತು, ನಡುವೆ ‘ಫ್ಯಾಕ್ಟರಿ ರೀಸೆಟ್ ಮಾಡಬೇಡಿ’ ಅಂತಲೂ ಹೇಳಿತು. ರೀಸೆಟ್ ಒತ್ತಿಬಿಟ್ಟವರಿಗೆ ಮತ್ತೆ ಜೋಡಿಸೋದೇ ಕಷ್ಟ ಆಯ್ತು. ಹಾಗಾಗಿ ಯಂತ್ರ ದಿಢೀರ್ ನಿಂತರೆ ಮೊದಲು ಒಂದು ದಿನ ಸುಮ್ಮನಿರಿ, ಬೇರೆಯವರಿಗೂ ಹಾಗೇ ಆಗಿದೆಯಾ ನೋಡಿ.

ಕೊಳ್ಳೋ ಮುಂಚೆ ನಾನು ಮಾಡೋದು ಹೇಳ್ತೀನಿ. ಡಬ್ಬ ನೋಡಿ ಬಿಡಲ್ಲ, ಮುದ್ರೆ ಕೊಡುವವರ ಪಟ್ಟಿಯಲ್ಲಿ ಹುಡುಕ್ತೀನಿ. ರೂನ್ ತನ್ನ ಸೈಟಲ್ಲಿ ಪಾಸಾದ ಯಂತ್ರಗಳ ಪಟ್ಟಿ ಇಟ್ಟಿದೆ. ಮಾಡೆಲ್ ಹೆಸರು ಅಕ್ಷರಕ್ಕಕ್ಷರ ಹೊಂದಬೇಕು. ‘ಪ್ಲಸ್’, ‘ಮಾರ್ಕ್ 2’ ಅಂತ ಬಾಲ ಇದ್ದರೆ ಅದು ಬೇರೆ ಯಂತ್ರ. ‘ಶೀಘ್ರದಲ್ಲೇ ಬರಲಿದೆ’ ಅಂತ ಬರೆದ ಸೌಲಭ್ಯಕ್ಕೆ ಒಂದು ರೂಪಾಯಿನೂ ಕೊಡಲ್ಲ. ಮನೆಗೆ ಬಂದ ಮೇಲೆ ವಾಪಸ್ ಕೊಡೋ ಗಡುವಿನೊಳಗೆ ನನ್ನದೇ ಹಾಡು, ನನ್ನದೇ ವೈಫೈ, ಎರಡೂ ಕೋಣೆ, ಎಲ್ಲ ಹಾಕಿ ನೋಡ್ತೀನಿ. ಮತ್ತೆ ಹಿಂಭಾಗದಲ್ಲಿ ಆಕ್ಸ್ ಅಥವಾ ಆಪ್ಟಿಕಲ್ ತೂತು ಇಲ್ಲದ ಸ್ಪೀಕರನ್ನ, ಎಷ್ಟೇ ಮುದ್ರೆ ಇದ್ದರೂ, ನಾನಂತೂ ತಗೊಳ್ಳಲ್ಲ.